ಹಳೆಯ ಕಾರಿನ ಚೆಕ್ ಇಂಜಿನ್ ಲೈಟ್: ಕೋಡ್ ಓದುವುದರಿಂದ ತೊಂದರೆ ಹಿಡಿಯುವವರೆಗೆ

ಚೆಕ್ ಇಂಜಿನ್ ಲೈಟ್ ಉರಿಯಿತು, ಗ್ಯಾರೇಜಿಗೆ ಹೋದೆವು, ಸ್ಕ್ಯಾನರ್ ಹಾಕಿದರು, ಪರದೆಯ ಮೇಲೆ ಒಂದು ಸೆನ್ಸರಿನ ಹೆಸರು ಬಂತು, ಹೊಸ ಸೆನ್ಸರ್ ಹಾಕಿಸಿ ದುಡ್ಡು ಕೊಟ್ಟು ಬಂದೆವು. ವಾರ ಕಳೆಯುವಷ್ಟರಲ್ಲಿ ಅದೇ ಲೈಟ್ ಮತ್ತೆ. ಮಂಗಳೂರು, ಉಡುಪಿ ಕಡೆ ಹತ್ತು ಹದಿನೈದು ವರ್ಷದ ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವ ಕಥೆ. ಕೋಡ್ ಹೇಳುವುದು ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಕಂಡ ಲಕ್ಷಣವನ್ನು ಮಾತ್ರ. ಹಾಳಾದದ್ದು ಯಾವುದು ಎಂದು ಹುಡುಕುವ ಕೆಲಸ ಕೋಡ್ ಸಿಕ್ಕಿದ ಮೇಲೆ ಶುರುವಾಗುತ್ತದೆ. ನಮ್ಮಲ್ಲಂತೂ ಕಡಲ ಕಡೆಯ ಉಪ್ಪುಗಾಳಿ, ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಬಾನೆಟ್ ಒಳಗೆ ಗೂಡು ಮಾಡುವ ಇಲಿ, ಇವೆಲ್ಲ ಸೇರಿ ಸೆನ್ಸರಿಗಿಂತ ಮೊದಲು ಅದರ ವಯರು, ಕನೆಕ್ಟರು, ಅರ್ತಿಂಗನ್ನು ಕೆಡಿಸುತ್ತವೆ. ಹಾಗಾಗಿ ಬಿಡಿಭಾಗ ಖರೀದಿಸುವುದು ಈ ಕೆಲಸದ ಕೊನೆಯ ಹಂತವಾಗಬೇಕು.

ಇಲ್ಲಿ ಬರೆದಿರುವುದು ಮುಖ್ಯವಾಗಿ 2005ರಿಂದ 2017ರ ನಡುವಿನ ಪೆಟ್ರೋಲ್ ಕಾರುಗಳಿಗೆ. ಡೀಸೆಲ್‌ನವರಿಗೆ ಬೇಕಾದ್ದು ಕೊನೆಯ ಕಡೆಗೆ ಉಂಟು. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಸ್ಕ್ಯಾನರ್, ಒಂದು ಡಿಜಿಟಲ್ ಮಲ್ಟಿಮೀಟರ್, ಒಳ್ಳೆಯ ಟಾರ್ಚ್, ಬರೆದುಕೊಳ್ಳಲು ಪುಸ್ತಕ ಮತ್ತು ಪೆನ್ನು.

ಮೊದಲು ಲೈಟನ್ನೇ ನೋಡಿ

ಕೀ ಆನ್ ಮಾಡಿದಾಗ, ಇಂಜಿನ್ ಸ್ಟಾರ್ಟ್ ಆಗುವ ಮೊದಲು, ಚೆಕ್ ಇಂಜಿನ್ ಲೈಟ್ ಉರಿಯಲೇಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಉರಿಯದಿದ್ದರೆ ಬಲ್ಬ್ ಹೋಗಿರಬೇಕು, ಇಲ್ಲವೇ ಯಾರೋ ಬೇಕೆಂದೇ ಅದನ್ನು ಕಿತ್ತಿರಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಈ ಪರೀಕ್ಷೆಯನ್ನು ಮೊದಲು ಮಾಡಿ.

ಓಡುವಾಗ ಲೈಟ್ ಸ್ಥಿರವಾಗಿ ಉರಿಯುತ್ತಿದ್ದು, ಇಂಜಿನ್ ಎಂದಿನಂತೆ ಎಳೆಯುತ್ತಿದ್ದರೆ ಗಾಬರಿ ಬೇಡ, ಮನೆಗೆ ತಂದು ನೋಡಬಹುದು. ಲೈಟ್ ಮಿನುಗುತ್ತಿದ್ದರೆ ವಿಷಯ ಬೇರೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರಿನ ಕಡೆ ಹೋಗುತ್ತಿದೆ ಎಂಬ ಎಚ್ಚರಿಕೆ ಅದು. ಆ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ, ಒಳಗಿನ ಜೇನುಗೂಡಿನಂಥ ರಚನೆ ಕರಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಲೈಟ್ ಮಿನುಗಿದರೆ ಕೂಡಲೇ ಕಾಲು ಸಡಿಲಿಸಿ, ಎಸಿ ಆಫ್ ಮಾಡಿ, ಸುರಕ್ಷಿತ ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ಒಣ ಹುಲ್ಲು, ತರಗೆಲೆಯ ಮೇಲೆ ಮಾತ್ರ ನಿಲ್ಲಿಸಬೇಡಿ. ಆಯಿಲ್ ಲೈಟ್ ಅಥವಾ ಟೆಂಪರೇಚರ್ ಲೈಟ್ ಜೊತೆಗೆ ಬಂದಿದ್ದರೆ ಕೋಡ್ ವಿಚಾರ ಆಮೇಲೆ, ಇಂಜಿನ್ ಅಲ್ಲೇ ಬಂದ್ ಮಾಡಿ.

ಇನ್ನೊಂದು ಮಾತು. ಅಮೆರಿಕದ ವಿಡಿಯೊಗಳಲ್ಲಿ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಎನ್ನುತ್ತಾರೆ. ಅಲ್ಲಿನ ಕಾರುಗಳಲ್ಲಿ ಟ್ಯಾಂಕಿನ ಹಬೆ ಸೋರುತ್ತಿದೆಯೇ ಎಂದು ಇಸಿಯು ಪರೀಕ್ಷಿಸುತ್ತದೆ. ನಮ್ಮ ಹೆಚ್ಚಿನ ಹಳೆಯ ಕಾರುಗಳಲ್ಲಿ ಆ ಪರೀಕ್ಷೆಯೇ ಇಲ್ಲ. ಮುಚ್ಚಳ ಬಿಗಿ ಮಾಡಿ ಕಾಯುತ್ತಾ ಕೂರಬೇಕಾಗಿಲ್ಲ.

ನಿಮ್ಮ ಕಾರು ಸ್ಕ್ಯಾನರಿಗೆ ಉತ್ತರ ಕೊಡುತ್ತದೆಯೇ

ಭಾರತ್ ಸ್ಟೇಜ್ 4 (ಬಿಎಸ್-4) ಹೊಗೆ ನಿಯಮದ ಕಾರುಗಳಿಗೆ 2010ರ ಏಪ್ರಿಲಿನಿಂದ ಒಬಿಡಿ-1 (ಒಬಿಡಿ ಎಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ), 2013ರ ಏಪ್ರಿಲಿನಿಂದ ಒಬಿಡಿ-2 ಕಡ್ಡಾಯವಾಯಿತು. ಆದರೆ ಬಿಎಸ್-4 ದೇಶದ ಎಲ್ಲ ಕಡೆ ಜಾರಿಗೆ ಬಂದದ್ದು 2017ರಲ್ಲಿ. ಹಾಗಾಗಿ ಕಾರಿನ ವರ್ಷ ನೋಡಿ ಮಾತ್ರ ತೀರ್ಮಾನಿಸಲಾಗದು. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಸಾಕೆಟ್ ಉಂಟೇ ನೋಡಿ. ಇದ್ದರೂ ಅದು ಎಲ್ಲ ಸ್ಕ್ಯಾನರಿಗೆ ಉತ್ತರಿಸುತ್ತದೆ ಎಂದಿಲ್ಲ: ಹಳೆಯ ಕೆಲವು ಕಾರುಗಳಲ್ಲಿ ಸಾಕೆಟ್ ಮಾತ್ರ ಒಬಿಡಿಯದ್ದು, ಒಳಗಿನ ಭಾಷೆ ಕಂಪನಿಯದ್ದೇ. ಅಂಥದಕ್ಕೆ ಆ ಕಂಪನಿಯ ಪ್ರೋಟೋಕಾಲ್ ಇರುವ ಗ್ಯಾರೇಜ್ ಸ್ಕ್ಯಾನರ್ ಬೇಕು.

ಮನೆ ಬಳಕೆಗೆ ಸಾವಿರ ರೂಪಾಯಿಯೊಳಗೆ ಸಿಗುವ ಇಎಲ್ಎಂ327 ಬ್ಲೂಟೂತ್ ಡಾಂಗಲ್, ಮೊಬೈಲಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಸಾಕು. ಅಗ್ಗದ ನಕಲಿ ಡಾಂಗಲುಗಳು ಹೊಸ ಕ್ಯಾನ್ ಪದ್ಧತಿಯ ಕಾರಿಗೆ ಸರಿಯಾಗಿ ಜೋಡಿಯಾಗಿ, ಹಳೆಯ ಕೆ-ಲೈನ್ ಕಾರಿಗೆ ಕೈಕೊಡುವುದುಂಟು (ಕ್ಯಾನ್, ಕೆ-ಲೈನ್ ಎಂದರೆ ಇಸಿಯು ಸ್ಕ್ಯಾನರಿನೊಡನೆ ಮಾತಾಡುವ ಹೊಸ, ಹಳೆಯ ಪದ್ಧತಿಗಳು). ಹಳೆಯ ಕಾರಿಗೆ ಕೊಳ್ಳುವುದಾದರೆ ಅಂಗಡಿಯಲ್ಲೇ ಹಾಕಿ ನೋಡಿ ತನ್ನಿ. ಐಫೋನ್ ಇದ್ದವರು ವೈಫೈ ಅಥವಾ ಬ್ಲೂಟೂತ್ ಎಲ್ಇ ಇರುವುದನ್ನೇ ಕೇಳಬೇಕು.

ಡಾಂಗಲ್ ಹಾಕಿದರೂ ಅದರ ದೀಪ ಹೊತ್ತಲಿಲ್ಲವೇ? ಸಾಕೆಟಿನ 16ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್, 4 ಮತ್ತು 5ಕ್ಕೆ ಅರ್ತ್ ಬರಬೇಕು. ಮಲ್ಟಿಮೀಟರಿನಲ್ಲಿ 16 ಮತ್ತು 4ರ ನಡುವೆ 12 ವೋಲ್ಟ್ ಸಿಗದಿದ್ದರೆ ಫ್ಯೂಸ್ ನೋಡಿ. ಅನೇಕ ಕಾರುಗಳಲ್ಲಿ ರೂಮ್ ಲೈಟ್ ಅಥವಾ ಸಿಗರೇಟ್ ಲೈಟರಿನ ಫ್ಯೂಸೇ ಇದಕ್ಕೂ. ಮೊಬೈಲ್ ಚಾರ್ಜರ್ ಶಾರ್ಟ್ ಆಗಿ ಆ ಫ್ಯೂಸ್ ಹಾರಿದ್ದು ಎಷ್ಟೋ ಸಲ ಯಾರ ಗಮನಕ್ಕೂ ಬಂದಿರುವುದಿಲ್ಲ.

ಒಬಿಡಿಗಿಂತ ಹಿಂದಿನ ಕೆಲವು ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ) ಕಾರುಗಳಲ್ಲಿ ಸ್ಕ್ಯಾನರೇ ಬೇಡ. ಡಯಾಗ್ನೋಸಿಸ್ ಟರ್ಮಿನಲ್ಲನ್ನು ಅರ್ತಿಗೆ ಜೋಡಿಸಿದರೆ ಚೆಕ್ ಇಂಜಿನ್ ಲೈಟೇ ಮಿನುಗಿ ಕೋಡ್ ಹೇಳುತ್ತದೆ. ಹಳೆಯ ಸುಝುಕಿ ಇಂಜಿನ್ನುಗಳಲ್ಲಿ ಒಂದು ಸಲ ಮಿನುಗಿ, ಸ್ವಲ್ಪ ತಡೆದು, ಎರಡು ಸಲ ಮಿನುಗಿದರೆ 12, ಅಂದರೆ ದಾಖಲಾದ ದೋಷ ಇಲ್ಲ. ಯಾವ ಟರ್ಮಿನಲ್ ಎಂಬುದನ್ನು ಆ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲಿ ನೋಡಿಯೇ ಮುಟ್ಟಿ. ಅಂದಾಜಿನಲ್ಲಿ ತಪ್ಪು ವಯರ್ ಜೋಡಿಸಿದರೆ ಇಸಿಯು ಸುಡಬಹುದು.

ಬರೆದುಕೊಳ್ಳಿ, ಅಳಿಸಬೇಡಿ

ಕೋಡ್ ಕಂಡ ಕೂಡಲೇ ಅಳಿಸು ಬಟನ್ ಒತ್ತುವ ಅಭ್ಯಾಸ ಬಹಳ ಜನರಿಗೆ ಉಂಟು. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಲೈಟ್ ಆರುತ್ತದೆ ಎನ್ನುವವರೂ ಇದ್ದಾರೆ. ಎರಡರಿಂದಲೂ ಹೋಗುವುದು ನಿಮಗೆ ಅತ್ಯಗತ್ಯವಾದ ಸಾಕ್ಷ್ಯ: ಫ್ರೀಜ್ ಫ್ರೇಮ್. ದೋಷ ದಾಖಲಾದ ಆ ಕ್ಷಣಕ್ಕೆ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಕಾರು ಎಷ್ಟು ವೇಗದಲ್ಲಿತ್ತು, ಲೋಡ್ ಎಷ್ಟಿತ್ತು ಎಂಬುದನ್ನು ಇಸಿಯು ಅಲ್ಲಿ ಹಿಡಿದಿಟ್ಟಿರುತ್ತದೆ.

ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಫ್ರೀಜ್ ಫ್ರೇಮಿನಲ್ಲಿ ಕೂಲೆಂಟ್ 28 ಡಿಗ್ರಿ, ವೇಗ ಸೊನ್ನೆ ಇದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆದದ್ದು. ರಾತ್ರಿಯ ಮಳೆಯ ತೇವ, ಪ್ಲಗ್ ಕುಳಿಯಲ್ಲಿ ನಿಂತ ನೀರು ಮೊದಲ ಸಂಶಯ. ಅದೇ ಕೋಡಿಗೆ ಕೂಲೆಂಟ್ 92 ಡಿಗ್ರಿ, ವೇಗ 35 ಕಿಲೋಮೀಟರ್, ಲೋಡ್ 85 ಶೇಕಡಾ ಇದ್ದರೆ ಚಾರ್ಮಾಡಿಯಂಥ ಏರಿನಲ್ಲಿ ಆದದ್ದು. ಆಗ ಬಿಸಿಯಾದಾಗ ಬಲಗುಂದುವ ಕಾಯಿಲ್, ಸವೆದ ಪ್ಲಗ್ ಕಡೆಗೆ ಹೋಗಬೇಕು. ಕೋಡ್ ಒಂದೇ, ದಾರಿ ಎರಡು.

ಖಚಿತವಾದ ಕೋಡ್ ಮತ್ತು ಪೆಂಡಿಂಗ್ ಕೋಡ್ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಅನೇಕ ದೋಷಗಳು ಮೊದಲ ಸಲ ಕಂಡಾಗ ಪೆಂಡಿಂಗ್ ಆಗಿ ಇರುತ್ತವೆ, ಮುಂದಿನ ಓಟದಲ್ಲೂ ಕಂಡರೆ ಮಾತ್ರ ಲೈಟ್ ಉರಿಯುತ್ತದೆ. ಒಟ್ಟಿಗೆ ಐದಾರು ಕೋಡ್ ಬಂದಿದ್ದರೆ ಐದಾರು ಭಾಗ ಹಾಳಾಗಿವೆ ಎಂದುಕೊಳ್ಳಬೇಡಿ. ಅವುಗಳಿಗೆಲ್ಲ ಸಾಮಾನ್ಯವಾದ ಒಂದು ಫ್ಯೂಸ್, ಒಂದು ಅರ್ತ್, 5 ವೋಲ್ಟಿನ ಒಂದು ವಯರ್ ಎಲ್ಲಿದೆ ಎಂದು ಹುಡುಕಿ.

ಕೋಡಿನ ಮಾತು

ಮೊದಲ ಅಕ್ಷರ ಪಿ ಆದರೆ ಇಂಜಿನ್, ಗೇರ್‌ಬಾಕ್ಸ್. ಸಿ ಚಾಸಿಸ್, ಬಿ ಬಾಡಿ, ಯು ಕಂಪ್ಯೂಟರುಗಳ ನಡುವಿನ ಸಂಪರ್ಕ. ಎರಡನೆಯದು 0 ಆದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಆದರೆ ಆ ಕಂಪನಿಯದ್ದೇ ಅರ್ಥ. ಅದನ್ನು ಮಾದರಿಯ ಹೆಸರು ಸೇರಿಸಿಯೇ ಹುಡುಕಬೇಕು. ಮೂರನೆಯದು ವಿಭಾಗ: 1 ಮತ್ತು 2 ಗಾಳಿ-ಇಂಧನ, 3 ಇಗ್ನಿಷನ್, 4 ಹೊಗೆ ನಿಯಂತ್ರಣ, 5 ವೇಗ ಮತ್ತು ಐಡಲ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದು), 6 ಇಸಿಯು, 7 ಗೇರ್‌ಬಾಕ್ಸ್.

ಇದಕ್ಕಿಂತ ಮುಖ್ಯವಾದದ್ದು ವಿವರಣೆಯ ಕೊನೆಯ ಪದಗಳು. ‘ಸರ್ಕ್ಯೂಟ್ ಹೈ’, ‘ಸರ್ಕ್ಯೂಟ್ ಲೋ’ ಎಂದಿದ್ದರೆ ಅದು ವಿದ್ಯುತ್ತಿನ ದೂರು. ಇಸಿಯು ಸೆನ್ಸರಿಗೆ 5 ವೋಲ್ಟ್ ಕೊಟ್ಟು ಎಷ್ಟು ಮರಳುತ್ತದೆ ಎಂದು ನೋಡುತ್ತದೆ. ಉಷ್ಣತೆಯ ಸೆನ್ಸರುಗಳಲ್ಲಿ ವಯರ್ ತುಂಡಾದರೆ ವೋಲ್ಟೇಜ್ ಮೇಲೇ ನಿಲ್ಲುತ್ತದೆ, ಹೈ. ವಯರ್ ಅರ್ತಿಗೆ ತಾಗಿದರೆ ಲೋ. ‘ರೇಂಜ್, ಪರ್ಫಾರ್ಮೆನ್ಸ್’ ಎಂದಿದ್ದರೆ ಸಂಕೇತ ಬರುತ್ತಿದೆ, ಆದರೆ ನಂಬುವಂತಿಲ್ಲ ಎಂದು. ‘ಸಿಸ್ಟಮ್ ಲೀನ್’, ‘ಮಿಸ್‌ಫೈರ್’ ಎಂಬಂಥವು ಪರಿಣಾಮದ ಕೋಡುಗಳು. ಹತ್ತು ಬೇರೆ ಬೇರೆ ಕಾರಣಕ್ಕೆ ಅದೇ ಕೋಡ್ ಬರಬಹುದು. ಸೆನ್ಸರ್ ಬದಲಿಸುವ ಮಾತು ಮೊದಲ ಎರಡು ಬಗೆಯಲ್ಲಿ ಮಾತ್ರ ಏಳುತ್ತದೆ, ಅಲ್ಲಿಯೂ ವಯರಿಂಗ್ ನೋಡಿದ ಮೇಲೆ.

ಬಾನೆಟ್ ಎತ್ತಿ, ಕೈ ಹಾಕುವ ಮೊದಲು ಕಣ್ಣು

ಇಂಜಿನ್ ತಣ್ಣಗಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀ ಆಫ್ ಇರಲಿ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಇಂಜಿನ್ ಬಂದ್ ಆದ ಮೇಲೂ ತಿರುಗುತ್ತದೆ, ಬೆರಳು ದೂರವಿಡಿ. ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಮುಟ್ಟಬೇಡಿ.

ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.4ರಿಂದ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಬ್ಯಾಟರಿ ಸೋತಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಸಂಬಂಧವಿಲ್ಲದ ಕೋಡುಗಳು ಬಂದು ಕೂರುತ್ತವೆ. ಆಮೇಲೆ ಅರ್ತ್: ಇಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಎಸಿ ಆನ್ ಇರಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಕೆಂಪು ಕಡ್ಡಿ ಇಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ. 0.2 ವೋಲ್ಟ್ ಮೀರಿದರೆ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಹಾಕಿ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡಲ ಬದಿಯಲ್ಲಿ ನಿಲ್ಲುವ ಕಾರುಗಳಲ್ಲಿ ಈ ಪಟ್ಟಿಯ ಬೋಲ್ಟ್ ಅಡಿಯಲ್ಲಿ ತುಕ್ಕು ಹೊಪ್ಪಳೆಯಾಗಿ ಏಳುತ್ತದೆ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಈಗ ಕೋಡ್ ಹೇಳಿದ ಸೆನ್ಸರಿನ ಕನೆಕ್ಟರ್. ಮಲ್ಪೆಯ ಸ್ನೇಹಿತರೊಬ್ಬರ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಪಿ0113, ಒಳಗೆ ಬರುವ ಗಾಳಿಯ ಉಷ್ಣತೆಯ ಸರ್ಕ್ಯೂಟ್ ಹೈ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ, ಅಂದರೆ ಸೆನ್ಸರುಗಳು ಆ ಹೊತ್ತಿಗೆ ಹೇಳುತ್ತಿರುವ ಅಂಕಿಗಳಲ್ಲಿ, ಗಾಳಿಯ ಉಷ್ಣತೆ ಮೈನಸ್ 40 ಡಿಗ್ರಿ! ಮಲ್ಪೆಯಲ್ಲಿ ಮೇ ತಿಂಗಳ ಮಧ್ಯಾಹ್ನ. ಮೈನಸ್ 40 ಎಂದರೆ ಸರ್ಕ್ಯೂಟ್ ತೆರೆದಿದೆ ಎಂದೇ ಅರ್ಥ. ಕನೆಕ್ಟರಿನ ಲಾಕ್ ಒತ್ತಿ ನಿಧಾನಕ್ಕೆ ಎಳೆದಾಗ ಒಂದು ಪಿನ್ ತಾಮ್ರದ ಬಣ್ಣದಲ್ಲಿತ್ತು, ಇನ್ನೊಂದರ ಸುತ್ತ ಹಸಿರು ಕಿಲುಬು ಪುಡಿಯಾಗಿ ತುಂಬಿತ್ತು, ಪಿನ್ನು ಬುಡದಲ್ಲಿ ದಾರದಷ್ಟು ಸಣಕಲಾಗಿತ್ತು. ಕನೆಕ್ಟರಿನೊಳಗಿನ ರಬ್ಬರ್ ಸೀಲ್ ಹಿಂದೆ ಯಾವತ್ತೋ ಕಳಚಿ ಹೋಗಿ, ನೀರು ಒಳಗಿಳಿದಿತ್ತು. ಸೆನ್ಸರಿನ ಎರಡು ಕಾಲುಗಳ ನಡುವೆ ರೆಸಿಸ್ಟೆನ್ಸ್ ಅಳೆದರೆ ಎರಡು ಕಿಲೋಓಮಿನಷ್ಟು, ಅಂದರೆ ಸೆನ್ಸರ್ ಸರಿ ಇತ್ತು. ಹೊಸ ಕನೆಕ್ಟರ್ ಹಾಕಿ ಬೆಸುಗೆ ಹಾಕಿದ ಮೇಲೆ ಕೋಡ್ ಮರಳಲಿಲ್ಲ.

ಕಿಲುಬು ಸ್ವಲ್ಪವೇ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೃದುವಾದ ಬ್ರಶ್ಶಿನಲ್ಲಿ ತೆಗೆದು, ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸನ್ನು ಸೀಲಿನ ಅಂಚಿಗೆ ತೆಳುವಾಗಿ ಸವರಿ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರಿನ ಕನೆಕ್ಟರಿಗೆ ಮಾತ್ರ ಸ್ಪ್ರೇ, ಗ್ರೀಸ್ ಯಾವುದೂ ಬೇಡ. ಆ ಸೆನ್ಸರುಗಳಲ್ಲಿ ಬಹುಪಾಲು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವಯರಿನ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಗ್ರೀಸ್ ಅದನ್ನು ಮುಚ್ಚುತ್ತದೆ.

ಇಲಿಯ ಗುರುತು ಹುಡುಕಿ: ಬ್ಯಾಟರಿ ತಟ್ಟೆಯ ಹಿಂದೆ ಹಿಕ್ಕೆ, ಇಂಜಿನ್ ಮೇಲೆ ತೆಂಗಿನಕಾಯಿಯ ಚೂರು, ಬಾನೆಟ್ ಒಳಮೈಯ ಹೊದಿಕೆ ಕಿತ್ತದ್ದು. ಮಳೆಗಾಲದಲ್ಲಿ ತೋಟದ ಬದಿಯ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಇಲಿ ಕಡಿದ ವಯರನ್ನು ತಿರುಚಿ ಕಪ್ಪು ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿನಲ್ಲಿ ಕಾರು ದಾಟಿಸಿದ ಮರುದಿನ, ಅಥವಾ ಸರ್ವಿಸ್ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ಜೋರಾಗಿ ನೀರು ಹೊಡೆಸಿದ ಮರುದಿನ ಲೈಟ್ ಬಂದಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಇಂಜಿನ್ನಿಗೆ ಪ್ರೆಶರ್ ವಾಟರ್ ಹೊಡೆಸುವುದನ್ನೇ ನಿಲ್ಲಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಲೈವ್ ಡೇಟಾ: ಇಲ್ಲಿಗೆ ಸಮಯ ಕೊಡಿ

ಕೋಡಿಗಿಂತ ಹೆಚ್ಚು ವಿಷಯ ಸಿಗುವುದು ಲೈವ್ ಡೇಟಾದಲ್ಲಿ. ಬೆಳಿಗ್ಗೆ, ರಾತ್ರಿಯಿಡೀ ನಿಂತ ಕಾರಿನಲ್ಲಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಓದಿ. ಕೂಲೆಂಟಿನ ಉಷ್ಣತೆ, ಒಳಗಾಳಿಯ ಉಷ್ಣತೆ ಎರಡೂ ಹೊರಗಿನ ಹವೆಗೆ ಹತ್ತಿರ, ಪರಸ್ಪರ ಮೂರು ನಾಲ್ಕು ಡಿಗ್ರಿಯೊಳಗೆ ಇರಬೇಕು. ಒಂದು 27, ಇನ್ನೊಂದು 45 ಎಂದರೆ 45 ಎನ್ನುವುದು ಸುಳ್ಳು ಹೇಳುತ್ತಿದೆ. ಕೋಡ್ ಬಾರದಷ್ಟು ಸಣ್ಣ ಸುಳ್ಳು, ಆದರೆ ಮೈಲೇಜ್ ಹಾಳು ಮಾಡಲು ಅಷ್ಟು ಸಾಕು.

ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರಾದರೆ ಸ್ಟಾರ್ಟ್ ಮಾಡುವ ಮೊದಲು ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರು, ಉಡುಪಿ ಕಡಲ ಮಟ್ಟದಲ್ಲಿರುವುದರಿಂದ 100 ಕಿಲೋಪಾಸ್ಕಲಿನ ಆಸುಪಾಸು. ಇದೇ ಕಾರು ಮಡಿಕೇರಿಯ ಎತ್ತರದಲ್ಲಿ 88ರ ಹತ್ತಿರ ತೋರಿಸುತ್ತದೆ, ಅದು ಸರಿಯೇ. ಮನೆಯಂಗಳದಲ್ಲೇ 88 ತೋರಿಸಿದರೆ ಸೆನ್ಸರ್ ಅಥವಾ ವಯರಿಂಗ್ ಮೇಲೆ ಸಂಶಯ. ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಟ್ಟಾಗ ಸಾಮಾನ್ಯವಾಗಿ 30ರಿಂದ 40ಕ್ಕೆ ಇಳಿಯಬೇಕು.

ಇಂಜಿನ್ ಬಿಸಿಯಾಗಲಿ. ಕೂಲೆಂಟ್ 80 ದಾಟಿ 90ರ ಹತ್ತಿರ ನಿಲ್ಲಬೇಕು. ಹೆದ್ದಾರಿಯಲ್ಲಿ ಓಡಿಸುವಾಗ 65, 70ಕ್ಕೆ ಇಳಿದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಇಲ್ಲವೇ ‘ನಮ್ಮ ಸೆಕೆಗೆ ಇದು ಬೇಡ’ ಎಂದು ಯಾರೋ ತೆಗೆದು ಬಿಸಾಡಿದ್ದಾರೆ. ಈ ಅಭ್ಯಾಸ ಬಹಳ ಹಾನಿಕರ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ.

ಮುಂದೆ ಫ್ಯೂಯಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಕಲಿತಿಟ್ಟದ್ದು. ಎರಡನ್ನೂ ಕೂಡಿಸಿದರೆ ಪ್ಲಸ್ ಮೈನಸ್ 10 ಶೇಕಡಾದೊಳಗೆ ಇರಬೇಕು. ಐಡಲಿನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ, ಎರಡೂ ಸಲ ಬರೆದುಕೊಳ್ಳಿ. ಕನ್ವರ್ಟರಿಗಿಂತ ಮುಂದಿರುವ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಬೇಗ ಬೇಗ ಏರಿಳಿಯಬೇಕು. ಕನ್ವರ್ಟರಿನ ಹಿಂದಿನದು 0.6, 0.7ರ ಸುತ್ತ ಬಹುತೇಕ ನಿಂತಿರಬೇಕು.

ಇಲ್ಲಿ ಹೆಚ್ಚಾಗಿ ಸಿಗುವ ಕೋಡುಗಳು

ಪಿ0171, ಸಿಸ್ಟಮ್ ಲೀನ್. ಗಾಳಿ ಹೆಚ್ಚು ಅಥವಾ ಪೆಟ್ರೋಲ್ ಕಡಿಮೆ ಎಂದು ಇಸಿಯುಗೆ ಅನಿಸಿದೆ. ಹೆಚ್ಚಿನ ಕಡೆ ಆಕ್ಸಿಜನ್ ಸೆನ್ಸರನ್ನು ಇದಕ್ಕೆ ಬಲಿ ಕೊಡುತ್ತಾರೆ, ದೂರು ಹೇಳಿದ್ದೇ ಅದರ ತಪ್ಪು ಎಂಬಂತೆ. ಟ್ರಿಮ್ ಐಡಲಿನಲ್ಲಿ ಪ್ಲಸ್ 20, 2,500ರಲ್ಲಿ ಪ್ಲಸ್ 5 ಎಂದಿದ್ದರೆ ಗಾಳಿ ಕಳ್ಳದಾರಿಯಲ್ಲಿ ಒಳಬರುತ್ತಿದೆ: ಬಿರಿದ ವ್ಯಾಕ್ಯೂಮ್ ಹೋಸ್, ಪಿಸಿವಿ (ಇಂಜಿನ್ ಒಳಗಿನ ಹಬೆ ಎಳೆಯುವ) ಹೋಸ್, ಬ್ರೇಕ್ ಬೂಸ್ಟರಿನ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಈ ಲಕ್ಷಣ, ಒಳಹೋಗುವ ಗಾಳಿಯ ಪ್ರಮಾಣ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮ್ಯಾಪ್ ಸೆನ್ಸರ್ ಮಾತ್ರ ಇರುವ ಸಣ್ಣ ಕಾರುಗಳಲ್ಲಿ ಸೋರಿದ ಗಾಳಿಯನ್ನೂ ಮ್ಯಾಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಟ್ರಿಮ್ ಅಷ್ಟು ಏರದೆ ಐಡಲ್ ಏರಿ ಕೂರುವುದೇ ಹೆಚ್ಚು. ಸೋರಿಕೆ ಹುಡುಕಲು ಕೆಲವರು ಕಾರ್ಬ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯೇ ಗತಿ. ಸ್ಪ್ರೇ ಬಾಟಲಿಯಲ್ಲಿ ನೀರು ಸಾಕು. ಹೋಸಿನ ಜೋಡಣೆಗಳ ಮೇಲೆ ಸ್ವಲ್ಪ ಸಿಂಪಡಿಸಿದಾಗ ಐಡಲ್ ಬದಲಾದರೆ ಅಲ್ಲೇ ಬಿರುಕು. ಕಾಯಿಲ್, ಆಲ್ಟರ್ನೇಟರ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ.

ಇದಕ್ಕೆ ಉಲ್ಟಾ, ಐಡಲಿನಲ್ಲಿ ಟ್ರಿಮ್ ಸರಿ ಇದ್ದು ಏರಿನಲ್ಲಿ ಪ್ಲಸ್ 20ಕ್ಕೆ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್, ಫಿಲ್ಟರ್, ಅಥವಾ ಧೂಳು ಹಿಡಿದ ಏರ್‌ಫ್ಲೋ ಸೆನ್ಸರ್. ಗೇಜ್ ಹಾಕಿ ಒತ್ತಡ ನೋಡಿಸಿ. ಹೆಚ್ಚಿನ ಎಂಪಿಎಫ್ಐ ಕಾರುಗಳಲ್ಲಿ 3ರಿಂದ 4 ಬಾರ್ ಇರಬೇಕು. ಎಲ್ಲ ವೇಗದಲ್ಲೂ ಒಂದೇ ಸಮ ಹೆಚ್ಚಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಮುಂದಿನ ಆಕ್ಸಿಜನ್ ಸೆನ್ಸರಿನವರೆಗೆ ಪರೀಕ್ಷಿಸಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಜೋಡಣೆಯ ತೂತಿನಿಂದ ಹೊರಗಾಳಿ ಒಳಗೆ ಎಳೆದುಕೊಂಡು ಸೆನ್ಸರಿಗೆ ಸುಳ್ಳು ಲೀನ್ ತೋರಿಸುತ್ತದೆ. 20 ಶೇಕಡಾ ಎಥನಾಲ್ ಬೆರೆತ ಇ20 ಪೆಟ್ರೋಲಿನಿಂದಲೂ ಹಳೆಯ ಕಾರಿನ ಟ್ರಿಮ್ ಕೆಲವು ಶೇಕಡಾ ಮೇಲೇರುತ್ತದೆ, ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ. ಅದೊಂದೇ ಕೋಡ್ ತರುವಷ್ಟು ದೊಡ್ಡದಲ್ಲ, ಆದರೆ ಸಣ್ಣ ಸೋರಿಕೆಯೊಂದು ಅದರ ಜೊತೆ ಸೇರಿದರೆ ಗಡಿ ದಾಟುತ್ತದೆ.

ಪಿ0300ರಿಂದ ಪಿ0304, ಮಿಸ್‌ಫೈರ್. ಕೊನೆಯ ಅಂಕಿ ಸಿಲಿಂಡರಿನದು, 0 ಆದರೆ ಯಾವುದೆಂದು ಖಚಿತವಿಲ್ಲ. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇದ್ದರೆ ಪರೀಕ್ಷೆ ಸುಲಭ. ಪಿ0301 ಇದ್ದರೆ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಪಿ0302 ಬಂದರೆ ಕಾಯಿಲೇ ಕಾರಣ. ಕೋಡ್ ಅಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಒಂದೇ ಕಾಯಿಲ್ ಪ್ಯಾಕಿನ ಹಳೆಯ ಕಾರುಗಳಲ್ಲಿ 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. ಜೋಡಿಯೇ ಮಿಸ್ ಆಗುತ್ತಿದ್ದರೆ ಪ್ಯಾಕ್ ನೋಡಿ, ಒಂದೇ ಸಿಲಿಂಡರಾದರೆ ಪ್ಲಗ್ ಮತ್ತು ಹೈಟೆನ್ಷನ್ ವಯರ್. ರಾತ್ರಿ ಕತ್ತಲಲ್ಲಿ, ತೇವದ ಹವೆಯಲ್ಲಿ ಬಾನೆಟ್ ಎತ್ತಿ ನೋಡಿದರೆ ಬಿರಿದ ಹೈಟೆನ್ಷನ್ ವಯರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ, ಕೈ ತಾಗಿಸಬೇಡಿ. ಕಾಯಿಲ್ ಎತ್ತಿದಾಗ ಪ್ಲಗ್ ಕುಳಿಯಲ್ಲಿ ನೀರಿದ್ದರೆ ಗಾಳಿ ಹೊಡೆದು ಒಣಗಿಸಿ. ಆಯಿಲ್ ಇದ್ದರೆ ಟ್ಯಾಪೆಟ್ ಕವರಿನ ಸೀಲ್ ಸೋರುತ್ತಿದೆ, ಅದನ್ನು ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದೂ ಕೆಡುತ್ತದೆ.

ಪಿ0335, ಇಂಜಿನ್ ತಿರುಗುವುದನ್ನು ಇಸಿಯುಗೆ ಹೇಳುವ ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ಇಂಜಿನ್ ನಿಂತು, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುವುದು ಇದರ ಹಳೆಯ ಗುಣ. ಕ್ರ್ಯಾಂಕ್ ಮಾಡುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ ಸೊನ್ನೆಯೇ ಇದ್ದರೆ ಸಂಕೇತ ಬರುತ್ತಿಲ್ಲ. ಎರಡು ವಯರಿನದಾದರೆ ರೆಸಿಸ್ಟೆನ್ಸ್ ಅಳೆಯಬಹುದು. ಮೂರು ವಯರಿನ ಹಾಲ್ ಸೆನ್ಸರಿಗೆ ಆ ಪರೀಕ್ಷೆ ಬೇಡ, ಅದಕ್ಕೆ ಬರುವ ವಿದ್ಯುತ್, ಅರ್ತ್ ನೋಡಿ. ಇದರ ಜೊತೆ ಪಿ0340 (ಕ್ಯಾಮ್ ಸೆನ್ಸರ್) ಅಥವಾ ಪಿ0016 (ಕ್ರ್ಯಾಂಕ್, ಕ್ಯಾಮ್ ತಾಳೆಯಾಗುತ್ತಿಲ್ಲ) ಬಂದು ಇಂಜಿನ್ನಿನಲ್ಲಿ ಗಲಗಲ ಸದ್ದಿದ್ದರೆ ಓಡಿಸುವುದು ನಿಲ್ಲಿಸಿ. ಟೈಮಿಂಗ್ ಚೈನ್ ಸಡಿಲಾಗಿರುವ ಸಾಧ್ಯತೆ ಉಂಟು.

ಪಿ0135, ಪಿ0141 ಆಕ್ಸಿಜನ್ ಸೆನ್ಸರಿನ ಹೀಟರಿನವು. ಮೊದಲು ಫ್ಯೂಸ್. ಆಮೇಲೆ ಸೆನ್ಸರಿನ ಕಡೆಯ ಒಂದೇ ಬಣ್ಣದ ಎರಡು ವಯರುಗಳ ನಡುವೆ ಅಳೆದರೆ ಕೆಲವೇ ಓಮ್ ಸಿಗಬೇಕು. ಏನೂ ಸಿಗದಿದ್ದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಿಸಲು ಈಗ ಕಾರಣ ಸಿಕ್ಕಿತು.

ಪಿ0420 ಬಂದರೆ ಕನ್ವರ್ಟರ್ ಹೋಗಿದೆ ಎಂದು ದೊಡ್ಡ ಮೊತ್ತ ಹೇಳುತ್ತಾರೆ. ಎಕ್ಸಾಸ್ಟ್ ಸೋರಿಕೆ, ಮಿಸ್‌ಫೈರ್, ಹಿಂದಿನ ಸೆನ್ಸರ್ ಇವನ್ನೆಲ್ಲ ನೋಡದೆ ಒಪ್ಪಬೇಡಿ. ಹಿಂದಿನ ಸೆನ್ಸರೂ ಮುಂದಿನದರಂತೆ ಬೇಗ ಬೇಗ ಏರಿಳಿಯುತ್ತಿದ್ದು, ಉಳಿದೆಲ್ಲ ಸರಿ ಇದ್ದರೆ ಮಾತ್ರ ಕನ್ವರ್ಟರಿನ ಮಾತು.

ಪಿ0505, ಐಡಲ್ ಸರಿಯಿಲ್ಲ: ಥ್ರಾಟಲ್ ಬಾಡಿಯ ಮಸಿ ತೊಳೆದರೆ ಬಹಳ ಸಲ ಸರಿಯಾಗುತ್ತದೆ.

ಡೀಸೆಲ್‌ನವರಿಗೆ

ಪಿ0299 ಅಂದರೆ ಟರ್ಬೊ ಒತ್ತಡ ಸಾಲದು. ಟರ್ಬೊ ಬಿಚ್ಚಿಸುವ ಮೊದಲು ಇಂಟರ್‌ಕೂಲರಿನ ಹೋಸುಗಳನ್ನು ಅಡಿಯಿಂದ ಕೈಯಾಡಿಸಿ ನೋಡಿ. ಒಂದು ಕಡೆ ಒದ್ದೆ ಎಣ್ಣೆ, ಅಲ್ಲೇ ಸೀಳು. ಪಿ0401, ಪಿ0403 ಇಜಿಆರ್ ವಾಲ್ವಿನವು, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ವಾಲ್ವ್ ಅದು. ಊರೊಳಗೆ ಮಾತ್ರ ಓಡಾಡುವ ಕಾರಿನಲ್ಲಿ ಮಸಿ ಕಟ್ಟುವುದು ಬೇಗ, ವಾಲ್ವ್ ಜೊತೆ ಮ್ಯಾಪ್ ಸೆನ್ಸರಿನ ತುದಿಯನ್ನೂ ಶುಚಿ ಮಾಡಿ. ಪಿ0087, ರೈಲ್ ಒತ್ತಡ ಕಡಿಮೆ ಬಂದರೆ ಮೊದಲು ಡೀಸೆಲ್ ಫಿಲ್ಟರಿನ ನೀರು ಬಸಿಯಿರಿ, ಫಿಲ್ಟರ್ ಬದಲಿಸಿ. ಇಂಜಿನ್ ಓಡುವಾಗ ಕಾಮನ್ ರೈಲಿನ ಪೈಪ್ ಸಡಿಲಿಸುವ ಹಳೆಯ ಮೆಕ್ಯಾನಿಕರ ಪದ್ಧತಿ ಇಲ್ಲಿ ಪ್ರಾಣಕ್ಕೆ ಅಪಾಯ. ಒಳಗಿನ ಒತ್ತಡ ಸಾವಿರ ಬಾರ್ (ಒತ್ತಡದ ಅಳತೆ) ದಾಟಬಹುದು, ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಸರಿಯಾಯಿತೇ ಎಂದು ತಿಳಿಯುವುದು

ರಿಪೇರಿ ಮುಗಿದ ಮೇಲೆ ಈಗ ಕೋಡ್ ಅಳಿಸಿ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಐಡಲ್ ಬಿಡಿ, ಊರೊಳಗಿನ ನಿಂತು ಹೋಗುವ ಓಟ ಸ್ವಲ್ಪ ಆಗಲಿ, ಆಮೇಲೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್‌ನಿಂದ ಪಡುಬಿದ್ರಿವರೆಗೆ 60ರಿಂದ 80ರ ವೇಗದಲ್ಲಿ ಒಂದೇ ಸಮ ಓಡಿಸಿ. ಮನೆಗೆ ಬಂದು ಪೆಂಡಿಂಗ್ ಕೋಡ್ ನೋಡಿ. ಲೈಟ್ ಇಲ್ಲದಿದ್ದರೂ ಪೆಂಡಿಂಗ್ ಇದ್ದರೆ ಕೆಲಸ ಮುಗಿದಿಲ್ಲ. ಟ್ರಿಮ್ ಇತ್ಯಾದಿಯನ್ನು ಮತ್ತೆ ಓದಿ, ಮೊದಲು ಬರೆದದ್ದರ ಜೊತೆ ಇಟ್ಟು ನೋಡಿ. ಕೋಡ್ ಅಳಿಸದೆ ಬಿಟ್ಟರೂ, ದೋಷ ಮರಳದಿದ್ದರೆ ಸಾಮಾನ್ಯವಾಗಿ ಮೂರು ಓಟದ ಬಳಿಕ ಲೈಟ್ ತಾನೇ ಆರುತ್ತದೆ. ದಾಖಲೆ 40 ಸಲ ಇಂಜಿನ್ ಬಿಸಿಯಾಗುವವರೆಗೆ ಉಳಿಯುತ್ತದೆ.

ಆ್ಯಪಿನಲ್ಲಿ ರೆಡಿನೆಸ್ ಎಂಬ ಪುಟವೂ ಉಂಟು. ಕೋಡ್ ಅಳಿಸಿದ ಕೂಡಲೇ ಅಲ್ಲಿನ ಪರೀಕ್ಷೆಗಳೆಲ್ಲ ‘ಪೂರ್ಣವಾಗಿಲ್ಲ’ ಎಂದು ತೋರಿಸುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಲೈಟ್ ಇಲ್ಲ, ಕೋಡ್ ಇಲ್ಲ, ಆದರೆ ರೆಡಿನೆಸ್ ಎಲ್ಲ ಅಪೂರ್ಣ ಎಂದಿದ್ದರೆ ಅದೇ ಬೆಳಿಗ್ಗೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ತೆಗೆದಿರಬಹುದು. ಕೆಲವು ದಿನ ಬಿಟ್ಟು ಮತ್ತೆ ನೋಡಲು ಬರುತ್ತೇನೆ ಎನ್ನಿ.

ಗ್ಯಾರೇಜಿಗೆ ಒಪ್ಪಿಸಬೇಕಾದ್ದೂ ಇರುತ್ತದೆ: ಟೈಮಿಂಗ್, ಕಂಪ್ರೆಷನ್, ಇಂಜೆಕ್ಟರ್, ಇಸಿಯು. ಬರೆದಿಟ್ಟ ಪುಟವನ್ನು ಜೊತೆಗೆ ಒಯ್ಯಿರಿ. ‘ಅಣ್ಣ, ಕೋಡ್ ಇದು, ಫ್ರೀಜ್ ಫ್ರೇಮ್ ಇದು, ಫ್ಯೂಸ್, ಅರ್ತ್ ನಾನು ನೋಡಿದ್ದೇನೆ, ಐಡಲಿನಲ್ಲಿ ಟ್ರಿಮ್ ಇಷ್ಟು ಬರ್ತದೆ’ ಎಂದು ಹೇಳಿದರೆ ಒಳ್ಳೆಯ ಮೆಕ್ಯಾನಿಕಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ಸೆನ್ಸರ್ ಬದಲಿಸಬೇಕು ಎಂದರೆ ಯಾವ ಅಳತೆಯಿಂದ ಗೊತ್ತಾಯಿತು ಎಂದು ಗೌರವದಿಂದಲೇ ಕೇಳಿ, ಮತ್ತು ತೆಗೆದ ಹಳೆಯ ಸೆನ್ಸರನ್ನು ಕೇಳಿ ಪಡೆದುಕೊಳ್ಳಿ. ಹೊಸದು ಹಾಕಿಯೂ ಕೋಡ್ ಮರಳಿದರೆ, ಹಳೆಯದನ್ನೂ ಹೊಸದನ್ನೂ ಒಂದೇ ಮೀಟರಿನಲ್ಲಿ ಅಳೆದು ನೋಡಲು ಅದು ಬೇಕಾಗುತ್ತದೆ.